ನಾಯಿಹಲ್ಲಿನ ಗುರುತು

ಕಿಲಿಯಾನ್ ನನ್ನ ಕೋವಿಯ ಮರ ಬದಲಾಯಿಸಿದ್ದಾನೆ ಅಂತ ನನಗೆ ಗೊತ್ತಾದದ್ದು ಅವನ ಅತಿಜಾಣತನದಿಂದಲೇ.

ನಳಿಗೆಯ ತುದಿಯವರೆಗೂ ಒಂದೇ ತುಂಡು ಮರ ಹೊದ್ದ ಹಳೇ ಬೇಟೆಕೋವಿಗಳೆಂದರೆ ನನಗೆ ಪ್ರಾಣ. ಮನೆಯ ಒಂದು ಗೋಡೆ ತುಂಬ ಅವೇ. ಅದರಲ್ಲಿ ತಾತನದೊಂದು, ಅಕ್ರೋಟು ಮರದ್ದು, ಚಕ್ರವರ್ತಿಯ ಕಾಲದ್ದು. ನಮ್ಮ ನಾಯಿ ಮೂಕ್ಸಿ ಮರಿಯಾಗಿದ್ದಾಗ ಅದರ ಮರದ ತುದಿ ಕಚ್ಚಿ ಹಲ್ಲಿನ ಗುರುತು ಮಾಡಿತ್ತು. ನನ್ನ ಕಣ್ಣು ಮಂಜಾಯಿತೆಂದು ಅದಕ್ಕೆ ದುರ್ಬೀನು ಕೂರಿಸಲು ಕಿಲಿಯಾನನಿಗೆ ಕೊಟ್ಟೆ. ನಮ್ಮೂರು ಫೆರ್ಲಾಖಿನಲ್ಲಿ ಕೋವಿಗೆ ಮರ ಕೆತ್ತುವವರು ಬೇಕಾದಷ್ಟಿದ್ದಾರೆ. ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂತವನು ಇವನೊಬ್ಬನೇ.

ವಸಂತದಲ್ಲಿ ಕೊಟ್ಟದ್ದು ಬೇಸಿಗೆ ಮುಗಿಯುತ್ತ ಬಂದರೂ ಬರಲಿಲ್ಲ. ಕೇಳಿದಾಗಲೆಲ್ಲ ಒಂದೊಂದು ನೆವ.

"ಸರಿಯಾದ ತಿರುಪು ಸಿಕ್ತಿಲ್ಲ ಕಣೋ ರೂಪರ್ಟ್."

ಇನ್ನೊಮ್ಮೆ, "ಎಣ್ಣೆ ಒಣಗ್ಬೇಕು, ಸ್ವಲ್ಪ ತಡ್ಕೊ."

ದುರ್ಬೀನು ಕೂರಿಸಲು ಎಣ್ಣೆ ಯಾತಕ್ಕೆ? ಆ ದಿನವೇ ನನ್ನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿತು. ಮ್ಯೂನಿಕ್ಕಿನ ಶ್ರೀಮಂತನೊಬ್ಬ ಹಳೇ ಕೋವಿಗಳಿಗಾಗಿ, ಅವುಗಳ ಮರಕ್ಕಾಗಿ ಊರೂರು ಅಲೆಯುತ್ತಿದ್ದ. ಅವನ ಕಾರು ಕಿಲಿಯಾನನ ಅಂಗಡಿ ಮುಂದೆ ನಿಂತಿದ್ದನ್ನು ನಾನೇ ಕಂಡಿದ್ದೆ.

ಕೋವಿ ಬಂತು. ಕಿಟಕಿ ಬಳಿ ಹಿಡಿದು ನೋಡಿದೆ. ಕಬ್ಬಿಣವೆಲ್ಲ ತಾತನದೇ. ಮರದ ಬಣ್ಣವೂ ಅದೇ, ಆದರೆ ಹಿಡಿಯ ಪಕ್ಕ ಓಡುತ್ತಿದ್ದ ಕಪ್ಪು ಗೆರೆ ಇಲ್ಲ. ತುದಿಯಲ್ಲಿ ನಾಯಿಹಲ್ಲಿನ ಗುರುತು ಮಾತ್ರ ಇದ್ದಲ್ಲೇ ಇತ್ತು! ನೆಟ್ಟಗಿರುವ ಮನುಷ್ಯ ನಾಯಿಹಲ್ಲನ್ನು ನಕಲು ಮಾಡುತ್ತಾನೆಯೇ? ಮರವನ್ನು ಆ ಶ್ರೀಮಂತನಿಗೆ ಮಾರಿ, ನನ್ನ ಮಂಜುಗಣ್ಣನ್ನು ನಂಬಿಕೊಂಡಿದ್ದಾನೆ, ಕಳ್ಳ.

"ಓಟಿಲಿ, ಇಲ್ಲಿ ನೋಡು," ಅಂತ ಹೆಂಡತಿಯನ್ನು ಕರೆದೆ.

"ಬೆಳಕಿಗೆ ಹಾಗೆ ಕಾಣತ್ತೆ. ಸಾರು ಆರ್ತಾ ಇದೆ, ಬಾ," ಅಂದಳು. ಕೋವಿಯ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಯಾರಿಗೂ ಹೇಳದೆ ಕಾದೆ. ಶರತ್ಕಾಲ ಬಂತು, ಎಂದಿನಂತೆ ಇಬ್ಬರೂ ಬೆಟ್ಟ ಹತ್ತಿದೆವು. ಕಿಲಿಯಾನನ ಗುಂಡಿಗೆ ದೊಡ್ಡ ಗಂಡುಜಿಂಕೆ ಬಿತ್ತು. ಅಂಥದ್ದಕ್ಕಾಗಿ ಅವನು ಜೀವಮಾನವಿಡೀ ಕಾದಿದ್ದ. ಅವನು ಟೋಪಿ ತೆಗೆದು ನಿಂತ. ಈಗ ಬೇಟೆಯ ಪದ್ಧತಿಯಂತೆ ನಾನು ಸ್ಪ್ರೂಸ್ ಮರದ ಚಿಗುರು ಮುರಿದು, ಜಿಂಕೆಯ ರಕ್ತಕ್ಕೆ ಅದ್ದಿ, ನನ್ನ ಟೋಪಿಯ ಮೇಲಿಟ್ಟು ಅವನಿಗೆ ಕೊಡಬೇಕು. ಬೇಟೆಗಾರನಿಗೆ ಚಿಗುರು ಸಲ್ಲುವುದು ಇಲ್ಲಿ, ಇಲ್ಲವೇ ಸತ್ತ ಮೇಲೆ ಹಸಿರು ಕೋಟಿನ ಗೆಳೆಯರ ಕೈಯಿಂದ ಗೋರಿಯೊಳಗೆ.

ನಾನು ಕೈಗಳನ್ನು ಜೇಬಿಗೆ ಹಾಕಿಕೊಂಡೆ.

"ಏನಾಯ್ತೋ?" ಅಂದ.

"ನನ್ನ ತಾತನ ಮರ ಎಷ್ಟಕ್ಕೆ ಮಾರ್ದೆ?"

ಅವನ ಮುಖ ಬಿಳಿಚಿತು. ಬರಿಯ ಟೋಪಿಯನ್ನು ತಲೆಗಿಟ್ಟು, ಜಿಂಕೆಯ ಪಕ್ಕ ಮಂಡಿಯೂರಿ ಕೂತ. ಸಿಕ್ಕಿಬಿದ್ದ ಕಳ್ಳನಿಗೆ ಮಾತೆಲ್ಲಿಂದ ಬರಬೇಕು ಅಂದುಕೊಂಡು ಒಬ್ಬನೇ ಇಳಿದೆ.

ಮನೆಯಲ್ಲಿ ಇದನ್ನೆಲ್ಲ ದೊಡ್ಡ ಗಂಟಲಿನಲ್ಲಿ ಹೇಳಿದೆ. ಓಟಿಲಿ ಸೌಟು ಕೆಳಗಿಟ್ಟಳು.

"ಅದನ್ನ ಮುರಿದದ್ದು ನಾನು."

"ಏನು?"

"ಕೆಲಸ ಮುಗೀತು ಅಂತ ವಸಂತದಲ್ಲೇ ಕಿಲಿಯಾನನ ಫೋನ್ ಬಂತು, ನೀನು ಮನೇಲಿರಲಿಲ್ಲ. ನಾನೇ ತರೋಕೆ ಹೋದೆ. ಕಾರಿಂದ ಇಳಿಸುವಾಗ ಕೈಜಾರಿ ಕಲ್ಲಿನ ಮೇಲೆ ಬಿತ್ತು. ಹಿಡಿ ಎರಡು ತುಂಡಾಯ್ತು. ಹಾಗೇ ಎತ್ಕೊಂಡು ಅವನ ಹತ್ರ ಓಡಿದೆ. ಹೇಳಬೇಡ ಅಂತ ಕೈಮುಗಿದೆ. ಪಾಪ, ಬೇಸಿಗೆಯೆಲ್ಲ ಕೂತು ಕೆತ್ತಿದ, ಒಂದು ಕಾಸೂ ಮುಟ್ಟಲಿಲ್ಲ. ಹಲ್ಲಿನ ಗುರುತು ಮಾಡಿದ್ದು ಮಾತ್ರ ನಾನು, ಮೊಳೆ ಹಿಡಿದು. ಹಳೇ ತುಂಡು ಅಟ್ಟದಲ್ಲಿದೆ, ನೋಡ್ಕೊ ಹೋಗು."

"ನನಗೇ ಹೇಳಬಹುದಿತ್ತಲ್ಲ!"

"ಕೋವಿಗೆ ಒಂದು ಗೀರು ಬಿತ್ತು ಅಂತ ನಿನ್ನ ತಮ್ಮನನ್ನ ಮನೆ ಮೆಟ್ಟಿಲು ಹತ್ತಿಸದೆ ಎಷ್ಟು ವರ್ಷ ಆಯ್ತು? ನಾನು ಎಲ್ಲಿಗೆ ಹೋಗಲಿ?"

ಸ್ವಂತ ಹೆಂಡತಿ ನನಗೆ ಹೆದರಿ ಬದುಕುತ್ತಿದ್ದಾಳೆ ಎಂಬುದು, ಎಲ್ಲರನ್ನೂ ಅನುಮಾನದಿಂದ ನೋಡುವ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ತುಂಬ ನಾಚಿಕೆಯಾಯಿತು.

ಬೆಳಿಗ್ಗೆ ಒಳ್ಳೆಯ ಚಿಗುರೊಂದನ್ನು ಮುರಿದು, ಹಬ್ಬದ ಹಸಿರು ಕೋಟು ತೊಟ್ಟು, ಕಿಲಿಯಾನನ ಅಂಗಡಿಗೆ ಹೋದೆ. ಅವನು ಮರ ಉಜ್ಜುತ್ತಿದ್ದ.

"ಓಟಿಲಿ ಎಲ್ಲಾ ಹೇಳಿದ್ಲು. ತಪ್ಪಾಯ್ತು ಕಣೋ," ಅಂತ ಚಿಗುರು ಚಾಚಿದೆ.

ಅವನು ಅದನ್ನೇ ನೋಡಿದ. ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಜಿಂಕೆ ಬಿದ್ದ ಜಾಗದಲ್ಲಿ ಕೊಡ್ಬೇಕಿತ್ತು, ರೂಪರ್ಟ್. ಇನ್ನು ನನ್ನ ಗೋರಿಗೇ ತಗೊಂಬಾ."

"ಕಿಲಿಯಾನ್..."

"ಬೆಳಕಿಗೆ ಅಡ್ಡ ನಿಂತಿದೀಯ."

ಚಿಗುರು ಹಿಡಿದುಕೊಂಡೇ ವಾಪಸು ಹೊರಟೆ. ಬ್ರೆಡ್ ಅಂಗಡಿಯ ಮುದುಕ ನನ್ನ ಕೋಟನ್ನೂ ಕೈಯಲ್ಲಿದ್ದ ಚಿಗುರನ್ನೂ ನೋಡಿ ಟೋಪಿ ತೆಗೆದ.

"ಅಯ್ಯೋ, ಯಾರು ಹೋದ್ರು?" ಅಂದ.