ಯಾರು ಕರೆದರೂ ಓಗೊಡಬೇಡ

"ಆ ಕಂಬ ಈಗ್ಲೂ ಇದೆಯಾ ಮಿಸ್?" ಎಂದು ಮುಂದಿನ ಬೆಂಚಿನವನು ಕೇಳಿದ್ದೇ ತಡ, ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ತಾಯಿ ತನ್ನನ್ನು ಹೆತ್ತಳು ಎನ್ನುವಂತೆ ಶಾಲೆಗೆ ಅತಿಥಿಯಾಗಿ ಬಂದಿದ್ದ ಕಥೆಗಾರ್ತಿ ಎರಡೂ ಕೈ ಚಾಚಿದಳು.

"ಇದೆಯಾ ಅಂತ ಕೇಳ್ತೀಯಲ್ಲೋ! ನಿಮ್ಮ ಕಿಟಕಿಯಿಂದ ಕಲ್ಲು ಬೀಸಿದ್ರೆ ಆ ಕಂಬ ಇರೋ ಗೋದಾಮಿನ ಬಾಗಿಲಿಗೆ ತಾಗುತ್ತೆ. ಪುಸ್ತಕದಲ್ಲಿ ಬರೋ ಕಾವಲುಗಾರನ ಮಗಳು ಕಂಬದ ಮೇಲೆ ಉಗುರಲ್ಲಿ ಕೆತ್ತಿದ ಹಕ್ಕಿ ಹಾಗೇ ಇದೆ. ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ."

ಹಕ್ಕಿ ಇರಲಿಲ್ಲ. ಉಗುರಿನಿಂದ ಕಲ್ಲು ಕೆತ್ತುವ ಮಗಳೂ ಇರಲಿಲ್ಲ. ಇದ್ದದ್ದು ಆ ಗೋದಾಮು, ಮತ್ತು ಎಂದೋ ಒಂದು ಕಾಲದಲ್ಲಿ ಆ ಊರಿಗೆ ಬಿದ್ದ ಮುತ್ತಿಗೆ. ಆದರೆ ಎಂಟು ವರ್ಷದ ಮಕ್ಕಳಿಗೆ ಚರಿತ್ರೆಯನ್ನು ಕಥೆ ಮಾಡಿ ಉಣಿಸುವುದರಲ್ಲಿ ಅವಳನ್ನು ಮೀರಿಸುವವರು ಭೂಮಂಡಲದಲ್ಲೇ ಇರಲಿಲ್ಲ. ದಾಖಲೆಯಲ್ಲಿ ಮೂರು ಜನ ಸೈನಿಕರಿದ್ದರೆ ಅವಳ ಪುಟದಲ್ಲಿ ಮೂವತ್ತು ಸಾವಿರ. ಒಂದು ಕುಂಟು ಕುದುರೆ ಇದ್ದರೆ ಧೂಳಿಗೆ ಸೂರ್ಯನೇ ಮುಚ್ಚಿಹೋಗುವಷ್ಟು ದಂಡು. "ಮಕ್ಕಳು ಹೋಗಿ ಮುಟ್ಟಿ ನೋಡೋ ಹಾಗೆ ಏನಾದ್ರೂ ಇರಲಿ" ಎಂದು ಪ್ರಕಾಶಕ ಪ್ರತಿ ಸಲವೂ ಕೇಳುತ್ತಿದ್ದ. ಹಾಗಾಗಿ ಒಂದು ನಿಜವಾದ ಗೋಡೆಗೆ ಒಂದು ಸುಳ್ಳು ಮೊಳೆ ಹೊಡೆದು, ಇಡೀ ಕಥೆಯನ್ನು ಅದಕ್ಕೆ ನೇತುಹಾಕುವುದು ಅವಳ ಕಸುಬಾಗಿತ್ತು.

"ಗುಬ್ಬಿ ಆಗ್ಲೇ ಹೋಗಿದಾಳೆ ಮಿಸ್" ಎಂದಿತು ಹಿಂದಿನ ಬೆಂಚಿನಿಂದ ಒಂದು ದನಿ.

"ಯಾವ ಗುಬ್ಬಿ?"

"ನಮ್ಮ ಕ್ಲಾಸಿನ ಗುಬ್ಬಿ. ಹಕ್ಕಿ ನೋಡೋಕೆ ಹೋದ್ಲು. ನೀವು ಬರೋದ್ರೊಳಗೆ ನೋಡ್ಕೊಂಡು ಬಂದು ಎಲ್ಲರ ಮುಂದೆ ಹೇಳ್ತೀನಿ ಅಂದ್ಲು. ಇನ್ನೂ ಬಂದೇ ಇಲ್ಲ."

ಮಕ್ಕಳು ನಕ್ಕರು. ಕಥೆಗಾರ್ತಿಯೂ ನಕ್ಕಳು, ತನ್ನ ಪುಸ್ತಕ ಓದಿ ಮಗುವೊಂದು ಶಾಲೆಯಿಂದ ಓಡಿಹೋಗುವುದೆಂದರೆ ಅದಕ್ಕಿಂತ ದೊಡ್ಡ ಬಹುಮಾನ ಯಾವ ಸಭೆಯಲ್ಲಿ ಸಿಕ್ಕೀತು? ಆದರೆ ಪಕ್ಕದಲ್ಲಿ ನಿಂತಿದ್ದ ಟೀಚರ್ ನಗಲಿಲ್ಲ. ಅವರ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಮೇಡಂ, ಇವತ್ತು ಗೋದಾಮಲ್ಲಿ ಹುಳಕ್ಕೆ ಮದ್ದು ಇಡ್ತಿದಾರೆ" ಎಂದರು ಮೆಲ್ಲಗೆ. "ಅದಕ್ಕೇ ಆ ಕಡೆ ಕಿಟಕಿ ಎಲ್ಲಾ ಮುಚ್ಚಿರೋದು."

ಇಬ್ಬರೂ ಓಡಿದರು. ಕಥೆಗಾರ್ತಿ ಶಾಲೆಯ ದಿನಗಳ ನಂತರ ಓಡಿದವಳಲ್ಲ. ಅವಳು ಓಡಿದ ರಭಸಕ್ಕೆ ಬೀದಿಯ ನಾಯಿಗಳೂ ಬೊಗಳುವುದನ್ನು ಮರೆತು ದಾರಿ ಬಿಟ್ಟವು. ಗೋದಾಮಿನ ಎದುರಿಗೇ ಗುಬ್ಬಿಯ ತಾಯಿಯ ಹೊಲಿಗೆ ಅಂಗಡಿ. ಟೀಚರ್ ಹೊರಗಿನಿಂದಲೇ ಕೂಗಿದ್ದು ಅರ್ಧ ಕೇಳಿ, ಅರ್ಧ ಕೇಳದೆ, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿರುವಂತೆಯೇ ಆಕೆಯೂ ಅವರ ಹಿಂದೆ ಬಿದ್ದಳು.

ಆ ಗೋದಾಮೆಂದರೆ ಸಾಮಾನ್ಯದ್ದಲ್ಲ. ಒಳಗೆ ನಿಂತು ಒಮ್ಮೆ ಕೆಮ್ಮಿದರೆ ಪ್ರತಿಧ್ವನಿ ಹಿಂದಿನ ಗೋಡೆಗೆ ಹೋಗಿ, ಅಲ್ಲೇ ಊಟ ಮಾಡಿ, ಒಂದು ನಿದ್ದೆ ತೆಗೆದು ವಾಪಸ್ಸು ಬರುತ್ತಿತ್ತು. ಗೋಧಿಯ ಮೂಟೆಗಳನ್ನು ಮರದ ಅಡ್ಡೆಗಳ ಮೇಲೆ ಗುಡ್ಡಗುಡ್ಡವಾಗಿ ಪೇರಿಸಿ, ಗುಡ್ಡಕ್ಕೊಂದರಂತೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಸಿ, ಅದರ ಅಂಚಿನ ಮೇಲೆ ಹಾವಿನಂಥ ಮರಳು ಚೀಲಗಳನ್ನು ಸುತ್ತ ಮಲಗಿಸಿದ್ದರು. ಅಡ್ಡೆಗಳ ಕೆಳಗೆ ನೆಲಕ್ಕೂ ಹಲಗೆಗೂ ನಡುವೆ ಒಂದು ಸಂದು. ಬೆಕ್ಕು ನುಸುಳುವಷ್ಟು. ಇಲ್ಲವೇ ಎಂಟು ವರ್ಷದ, ಊಟಕ್ಕೆ ಸತಾಯಿಸುವ ಹುಡುಗಿ ನುಸುಳುವಷ್ಟು.

ಬಾಗಿಲಲ್ಲಿ ಮದ್ದಿಡುವ ಆಳುಗಳ ಮೇಸ್ತ್ರಿ ನಿಂತಿದ್ದ. ವಿಷಗಾಳಿ ತಡೆಯುವ, ಹಂದಿಯ ಮೂತಿಯಂತೆ ಮುಂದಕ್ಕೆ ಚಾಚಿದ ಮುಸುಕನ್ನು ಹಣೆಗೇರಿಸಿ, ಎಲ್ಲ ಕೇಳಿದ ಮೇಲೆ ತಲೆ ಅಲ್ಲಾಡಿಸಿದ.

"ಒಳಗೆ ಯಾರೂ ಇಲ್ಲ ತಂಗಿ. ಮೂರು ಸಲ ಕೂಗಿದೀನಿ. ಕೂಗದೆ ನಾನು ವಿಷದ ಮಾತ್ರೆ ಡಬ್ಬಿ ಮುಚ್ಚಳ ತೆಗೆಯೋನಲ್ಲ. ಇಷ್ಟು ವರ್ಷದಲ್ಲಿ ಒಳಗೆ ಮಲಗಿದ್ದ ಕುಡುಕರೂ ಎದ್ದು ಬಂದಿದಾರೆ, ಅಂಥ ಗಂಟಲು ನಂದು."

ಅದು ಸುಳ್ಳಲ್ಲ. ಅವನು ಕೂಗಿದರೆ ಮೂರು ಬೀದಿ ಆಚೆ ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದು ಕೂರುತ್ತಿತ್ತು.

"ಮಾತ್ರೆ ಇಟ್ಟಾಯ್ತಾ?" ಎಂದರು ಟೀಚರ್.

"ಆ ಮೂಲೇಲಿರೋ ಒಂದು ರಾಶಿಗೆ ಇಟ್ಟಿದೀವಿ. ಈಗಷ್ಟೇ."

ಆಗ ತಾಯಿ ಬಾಗಿಲ ಹಿಂದಿನಿಂದ ಏನನ್ನೋ ಎತ್ತಿಕೊಂಡಳು. ಒಂದು ಜೊತೆ ಪುಟ್ಟ ಚಪ್ಪಲಿ. ಹರಿದಿದ್ದ ಪಟ್ಟಿಗೆ ಕೆಂಪು ನೂಲಿನ ಹೊಲಿಗೆ.

"ನನ್ನ ಹೊಲಿಗೆ" ಎಂದಳು. "ಗೋಡೆ ಕಡೆ ಮುಖ ಮಾಡಿ ಇಟ್ಟಿದ್ಲು."

ಚಪ್ಪಲಿಯನ್ನು ಗೋಡೆಗೆ ಮುಖಮಾಡಿ ಬಿಡು, ನೀನು ಒಳಹೊಕ್ಕದ್ದು ಶತ್ರುವಿಗೆ ತಿಳಿಯಬಾರದು. ಕಥೆಗಾರ್ತಿಯೇ ಪುಸ್ತಕದಲ್ಲಿ ಬರೆದದ್ದು. ಪುಟದ ಕೆಳಗೆ ಒಂದಿಷ್ಟು ಜಾಗ ಉಳಿದಿತ್ತೆಂದು ಬರೆದದ್ದು.

"ಮೂಲೆ ರಾಶಿ ಮಾತ್ರೆ ತೆಗೀರೋ! ಬಾಗಿಲು ಪೂರ್ತಿ ತೆಗೀರಿ!" ಎಂದು ಮೇಸ್ತ್ರಿ ಅಬ್ಬರಿಸಿದ. ಮುಸುಕು ಇಳಿಸಿಕೊಂಡು ಇಬ್ಬರು ಆಳುಗಳು ಒಳಕ್ಕೆ ಓಡಿದರು. ಅವನು ತಾಯಿಯ ಕಡೆ ತಿರುಗಿ ದನಿ ತಗ್ಗಿಸಿದ. "ಹೆದರಬೇಡ. ಮಾತ್ರೆಯಿಂದ ವಿಷಗಾಳಿ ನಿಧಾನಕ್ಕೆ ಏಳುತ್ತೆ. ಆದ್ರೆ ಕಣ್ಣಿಗೆ ಕಾಣಲ್ಲ. ಬೆಳ್ಳುಳ್ಳಿ ವಾಸನೆ ಬರುತ್ತೆ. ಬಂದ ಮೇಲೆ ಜಾಸ್ತಿ ಹೊತ್ತು ಇರಬಾರದು."

ತಾಯಿ ಒಳಗೆ ಎರಡು ಹೆಜ್ಜೆ ಇಟ್ಟು ಕರೆದಳು. "ಗುಬ್ಬೀ! ಬಾರೇ ಈಚೆಗೆ! ಬೈಯಲ್ಲ ಕಣೇ, ಬಾ!"

ಎಲ್ಲೋ ಬಲಗಡೆಯ ಹಲಗೆಯ ಕೆಳಗೆ ಸರಸರ ಎಂದಿತು. ಸದ್ದು ಹತ್ತಿರ ಬರಲಿಲ್ಲ. ದೂರ ಹೋಯಿತು.

"ಇಲಿ" ಎಂದ ಒಬ್ಬ ಆಳು.

"ಗುಬ್ಬೀ, ಅಮ್ಮ ಕಣೇ ನಾನು!" ತಾಯಿಯ ದನಿ ಒಡೆಯಿತು. ಅಳು ಹೊರಬಂತು. ಅವಳು ಅತ್ತಷ್ಟೂ ಆ ಸರಸರ ಇನ್ನೂ ಒಳಕ್ಕೆ, ಮೂಲೆಯ ಕಡೆಗೆ, ಮಾತ್ರೆ ಇಟ್ಟ ಕಡೆಗೆ ಸರಿಯಿತು. ಆಳುಗಳು ಅತ್ತ ಓಡಿದರು, ಸದ್ದು ನಿಂತೇಹೋಯಿತು. ಬಗ್ಗಿ ಟಾರ್ಚು ಬಿಟ್ಟು ನೋಡಿದರೆ ಹಲಗೆಗಳ ಸಾಲಿನ ಹಿಂದೆ ಸಾಲು, ಕತ್ತಲೆಯ ಹಿಂದೆ ಕತ್ತಲೆ. ಮೂಟೆಗಳನ್ನು ಎತ್ತಿ ಹುಡುಕೋಣವೆಂದರೆ ಒಂದು ದಂಡೇ ಬೇಕು, ಮೂವತ್ತು ಸಾವಿರ ಜನರ ನಿಜವಾದ ದಂಡು. ಸಿಕ್ಕಲ್ಲಿ ಎಳೆದರೆ ರಾಶಿ ಕುಸಿದು ಕೆಳಗಿದ್ದವಳ ಮೇಲೇ ಬೀಳುತ್ತದೆ.

ಕಥೆಗಾರ್ತಿ ಮುಸುಕಿನ ಆಳುಗಳನ್ನು ನೋಡಿದಳು. ಅಳುತ್ತ ಕರೆಯುತ್ತಿದ್ದ ತಾಯಿಯನ್ನು ನೋಡಿದಳು. ತಾನು ಬರೆದ ಪುಟವೊಂದು ಕೈಕಾಲು ಮೂಡಿ ಎದ್ದು ನಿಂತಿತ್ತು.

"ಕರೀಬೇಡಿ" ಎಂದಳು.

"ಏನಂದ್ರಿ?" ತಾಯಿ ತಿರುಗಿದಳು.

"ನೀವು ಕರೆದಷ್ಟೂ ಒಳಗೆ ಹೋಗ್ತಾಳೆ. ಪುಸ್ತಕದಲ್ಲಿ ಕಾವಲುಗಾರನ ಮಗಳು ಗೋದಾಮಲ್ಲಿ ಅಡಗಿರ್ತಾಳೆ, ಮುಸುಕು ಹಾಕಿದ ಸೈನಿಕರು ಬರ್ತಾರೆ. ಹೆಸರು ಹಿಡಿದು ಕೂಗ್ತಾರೆ. ಬರದೇ ಇದ್ದಾಗ ಅವಳ ಅಮ್ಮನ್ನ ಹಿಡಿದು ತಂದು, ಅಳಿಸಿ, ಅವರ ಕೈಲಿ ಕರೆಸ್ತಾರೆ..."

"ಯಾರು ಕರೆದರೂ ಓಗೊಡಬೇಡ, ನಿನ್ನ ಅಮ್ಮ ಕರೆದರೂ" ಎಂದಳು ತಾಯಿ. ಅವಳ ತುಟಿ ಬೆಳ್ಳಗಾಗಿತ್ತು. "ಗೊತ್ತು. ದಿನಾ ಓದಿಸ್ತಾಳೆ. ಆ ಮಾತು ಬಂದ ತಕ್ಷಣ ನನ್ನ ಬಾಯಿ ಮೇಲೆ ಕೈ ಇಡ್ತಾಳೆ."

"ಗುರುತಿನ ಸದ್ದು ಒಂದಿದೆ. ಅದೊಂದು ಕೇಳಿದ್ರೆ ಬರ್ತಾಳೆ. ಸುಮ್ಮನಿರಿ ಎಲ್ಲಾ!"

ಕಥೆಗಾರ್ತಿ ಎರಡೂ ಅಂಗೈ ಬಾಯಿಗೆ ಹಿಡಿದು ಗೂಬೆಯಂತೆ ಕೂಗಿದಳು. ಬಹುಮಾನಗಳಿಗೆ ಮನೆಯ ಕಪಾಟು ಸಾಲದೆ ಮಂಚದ ಕೆಳಗೆ ತುಂಬಿಟ್ಟುಕೊಂಡಿದ್ದ ಹೆಂಗಸು, ಹಾಡಹಗಲು, ಮೂಟೆ ಹೊರುವ ಆಳುಗಳ ಎದುರು ಮೂರು ಸಲ ಗೂಬೆಯಾದಳು. ಆ ಆಳುಗಳಲ್ಲಿ ಒಬ್ಬನೂ ನಗಲಿಲ್ಲ.

ಒಳಗಿನಿಂದ ಏನೂ ಬರಲಿಲ್ಲ.

"ಏನ್ರೀ ಇದು?" ತಾಯಿ ಅವಳ ತೋಳು ಹಿಡಿದು ಜಗ್ಗಿದಳು. "ಗೂಬೆ ಎಲ್ಲಿಂದ ಬಂತು? ನಿಮ್ಮ ಪುಸ್ತಕದಲ್ಲಿ ಗೂಬೇನೇ ಇಲ್ಲ!"

ಇರಲಿಲ್ಲ, ನಿಜ. ಮೊದಲು ಬರೆದಾಗ ಇತ್ತು. "ಎಲ್ಲರ ಪುಸ್ತಕದಲ್ಲೂ ಗೂಬೆ ಕೂಗುತ್ತೆ, ಬೇರೆ ಏನಾದ್ರೂ ಹಾಕಿ" ಎಂದು ಪ್ರಕಾಶಕ ಫೋನು ಮಾಡಿದ್ದ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅವಳು ನಿಂತ ಕಾಲಿನಲ್ಲೇ ಏನೋ ಹೇಳಿದ್ದಳು. ಏನು? ಚಪ್ಪಾಳೆಯೇ, ಸಿಳ್ಳೆಯೇ, ಕೋಲು ತಟ್ಟುವುದೇ? ಆಮೇಲೆ ಎಷ್ಟೋ ಪುಸ್ತಕ ಬರೆದಾಗಿತ್ತು. ಎಷ್ಟೋ ಊರುಗಳಿಗೆ ಮುತ್ತಿಗೆ ಹಾಕಿಸಿ ಬಿಡಿಸಿಯಾಗಿತ್ತು.

"ನನಗೆ... ನೆನಪಿಲ್ಲ" ಎಂದಳು.

ತಾಯಿ ಅವಳನ್ನು ನೋಡಿದ ನೋಟಕ್ಕೆ ಗೋದಾಮಿನ ಕಲ್ಲು ಕಂಬವಾದರೂ ಬಿರುಕು ಬಿಡಬೇಕಿತ್ತು. ಆದರೆ ಬೈಯಲು ಹೊತ್ತಿರಲಿಲ್ಲ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಳತೆ ಡಬ್ಬಿ" ಎಂದಳು. "ಕಾವಲುಗಾರ ಡಬ್ಬೀಲಿ ಗೋಧಿ ತುಂಬ್ಕೊಂಡು ತಗಡಿನ ಮೇಲೆ ಸಣ್ಣಗೆ ಸುರೀತಾನೆ. ನಿಲ್ಲಿಸ್ತಾನೆ. ಮತ್ತೆ ಸುರೀತಾನೆ. ಮಗಳು ಒಂದು ಹಿಡಿ ಕಾಳು ಉದುರಿಸಿ ಉತ್ತರ ಕೊಡ್ತಾಳೆ. ಅಲ್ಲೀವರೆಗೂ ಯಾರೂ ಮಾತಾಡಬಾರದು."

ಮೇಸ್ತ್ರಿ ಮಾದರಿ ಕಾಳು ತೆಗೆಯುವ ಡಬ್ಬಿ ತಂದ. ತಗಡು ಬೇಕೆಂದಾಗ ಸುತ್ತ ನೋಡಿ, ಬಾಗಿಲಿಗೆ ನೇತುಹಾಕಿದ್ದ ತಲೆಬುರುಡೆಯ ಎಚ್ಚರಿಕೆ ಫಲಕವನ್ನೇ ಕಿತ್ತು ನೆಲದ ಮೇಲೆ ಇಟ್ಟ.

"ಅಣ್ಣಾ, ಮುಸುಕು" ಎಂದಳು ತಾಯಿ. "ಅವಳು ಸಂದಿಯಿಂದ ನೋಡ್ತಿರ್ತಾಳೆ."

ಮೇಸ್ತ್ರಿ ಮುಸುಕಿನ ಪಟ್ಟಿಗೆ ಕೈ ಹಾಕಿದ. ಆ ಮುಸುಕಿಲ್ಲದೆ ಒಳಗೆ ನಿಲ್ಲಬಾರದೆಂದು ಎಷ್ಟೋ ಜನ ಹೊಸ ಆಳುಗಳಿಗೆ ಅವನೇ ಹೊಡೆದು ಕಲಿಸಿದ್ದ. ಆಮೇಲೆ ಪಟ್ಟಿ ಬಿಚ್ಚಿ ಅದನ್ನು ಹೊರಗೆ ಎಸೆದ. ಆಳುಗಳೂ ಬಿಚ್ಚಿದರು.

ಮೊದಲ ಸಲ ತಾಯಿ ಅವಸರದಲ್ಲಿ ಬಗ್ಗಿಸಿದ್ದಕ್ಕೆ ಕಾಳೆಲ್ಲ ಒಮ್ಮೆಗೇ ದಬದಬ ಬಿತ್ತು. ಅವಳು ಡಬ್ಬಿಯನ್ನು ಮತ್ತೆ ತುಂಬಿಕೊಂಡಳು. ಸೂಜಿಗೆ ದಾರ ಪೋಣಿಸುವಾಗ ಹಿಡಿಯುವಂತೆ ಉಸಿರು ಹಿಡಿದಳು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿದುಕೊಂಡು ಬಗ್ಗಿಸಿದಳು. ಕಾಳು ತಗಡಿನ ಮೇಲೆ ಸಣ್ಣಗೆ, ಒಂದೇ ಎಳೆಯಾಗಿ ಬಿತ್ತು. ನಿಂತಿತು. ಮತ್ತೆ ಬಿತ್ತು.

ಈ ಕಥೆ ಹೇಳುವಾಗ ನಾನೂ ಇದುವರೆಗೆ ಒಂದಕ್ಕೆ ಹತ್ತು ಸೇರಿಸಿ ಹೇಳಿದ್ದುಂಟು. ಇಲ್ಲಿ ಒಂದು ಕಾಳನ್ನೂ ಸೇರಿಸಿಲ್ಲ. ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು. ಕಥೆಗಾರ್ತಿ ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡಿದ್ದಳು. ಎಲ್ಲಿಂದಲೋ ಸಣ್ಣಗೆ ಬೆಳ್ಳುಳ್ಳಿಯ ವಾಸನೆ ಬಂತು. ಮೇಸ್ತ್ರಿಯ ಮೂಗು ಅರಳಿತು. ಅವನು ತಾಯಿಗೆ ಹೇಳಲಿಲ್ಲ.

ತಾಯಿ ಮೂರನೆಯ ಸಲ ಸುರಿದಳು.

ಮೂಲೆಯ ರಾಶಿಯ ಕೆಳಗೆ, ಹಲಗೆಯ ಮೇಲೆ ಏನೋ ಉದುರಿತು. ಒಂದು ಪುಟ್ಟ ಹಿಡಿಯಷ್ಟು.

ಮೇಸ್ತ್ರಿ ಅಲ್ಲಿಗೆ ತಲುಪಿದ್ದನ್ನು ಯಾರೂ ನೋಡಲಿಲ್ಲ, ಅಷ್ಟು ಬೇಗ ತಲುಪಿದ. ಮರಳು ಚೀಲ ಒದ್ದು, ಹೊದಿಕೆ ಎತ್ತಿ ಹಿಡಿದ. ಮೊದಲು ಎರಡು ಮೊಣಕೈ, ಆಮೇಲೆ ಧೂಳು ಮೆತ್ತಿದ ತಲೆ. ಗುಬ್ಬಿ ಅರ್ಧ ಹೊರಬಂದು ನಿಂತಳು. ಮೇಸ್ತ್ರಿಯ ಬರಿಯ ಮುಖವನ್ನು ನೋಡಿದಳು. ಹಿಂದೆ ಓಡಿ ಬರುತ್ತಿದ್ದ ತಾಯಿಯ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು.

"ಅವರೆಲ್ಲಾ ಹೋದ್ರಾ?" ಎಂದು ಪಿಸುಗುಟ್ಟಿದಳು.

ತಾಯಿ ಬೆನ್ನಿಗೆ ಒಂದು ಗುದ್ದಿ ಎತ್ತಿಕೊಂಡಳು. ಬಾಗಿಲಾಚೆ ಗಾಳಿಗೆ ಬರುತ್ತಿದ್ದಂತೆ ಹುಡುಗಿ ವಾಂತಿ ಮಾಡಿದಳು. ಮೇಸ್ತ್ರಿಯೂ ಗೋಡೆ ಹಿಡಿದು ಕೆಮ್ಮಿದ. ಇಬ್ಬರನ್ನೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಮರುದಿನ ಕಥೆಗಾರ್ತಿ ಕಿತ್ತಳೆ ಹಣ್ಣು ಹಿಡಿದುಕೊಂಡು ಹೋದಾಗ ಗುಬ್ಬಿ ಮಂಚದ ಮೇಲೆ ಕೂತಿದ್ದಳು. ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿ ಹೋಗಿದ್ದರು. ತಾಯಿ ಕಿಟಕಿಯ ಹತ್ತಿರ ನಿಂತಿದ್ದಳು, ತಿರುಗಲಿಲ್ಲ. ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕಥೆಗಾರ್ತಿ ಅದನ್ನು ಹಿಡಿದುಕೊಂಡೇ ನಿಂತಳು.

"ಮಿಸ್" ಎಂದಳು ಗುಬ್ಬಿ. "ನಾನು ಕಂಬ ಎಲ್ಲಾ ಸವರಿ ನೋಡಿದೆ. ಹಕ್ಕಿ ಸಿಗಲೇ ಇಲ್ಲ. ಕತ್ತಲೆ ಇತ್ತಲ್ಲ, ಅದಕ್ಕೆ ಇರಬೇಕು. ಯಾವ ಕಡೆ ಇದೆ ಅದು?"

ಮೂವತ್ತು ಸಾವಿರ ಸೈನಿಕರನ್ನು ಒಂದು ಸಾಲಿನಲ್ಲಿ ನಡೆಸಿದವಳು ಹಣ್ಣಿನ ಚೀಲವನ್ನು ನೆಲಕ್ಕಿಟ್ಟಳು. ತಾಯಿ ಈಗ ತಿರುಗಿದಳು. ಅವಳೂ ಉತ್ತರಕ್ಕೆ ಕಾದಳು.

"ಇಲ್ಲ ಪುಟ್ಟಾ" ಎಂದಳು ಕಥೆಗಾರ್ತಿ ಕೊನೆಗೆ. "ಯಾವ ಕಡೆಯೂ ಇಲ್ಲ."

ಗುಬ್ಬಿ ಅವಳ ಮುಖವನ್ನೇ ನೋಡುತ್ತಿದ್ದಳು, ಮುಸುಕಿನ ಹಿಂದೆ ಯಾರಿದ್ದಾರೆ ಎಂದು ಹುಡುಕುವವಳ ಹಾಗೆ.

ವಾರ ಕಳೆದು ಗೋದಾಮಿನಲ್ಲಿ ಮದ್ದಿನ ಕೆಲಸ ಮತ್ತೆ ಶುರುವಾಯಿತು. ಹೊದಿಕೆ ಹಾಸಿದರು, ಮರಳು ಚೀಲ ಮಲಗಿಸಿದರು. ಮೇಸ್ತ್ರಿ ಬಾಗಿಲಲ್ಲಿ ನಿಂತು, "ಒಳಗೆ ಯಾರಾದ್ರೂ ಇದೀರಾ?" ಎಂದು ಮೂರು ಸಲ ಕೂಗಿದ. ಬೀದಿಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಆಳೊಬ್ಬ ಮಾತ್ರೆಯ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ.

"ತಾಳೋ" ಎಂದ ಮೇಸ್ತ್ರಿ.

ಮುಸುಕು ಬಿಚ್ಚಿ ಪಕ್ಕಕ್ಕಿಟ್ಟ. ಫಲಕವನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ಅಳತೆ ಡಬ್ಬಿಯನ್ನು ಬಗ್ಗಿಸಿ ಸಣ್ಣಗೆ ಕಾಳು ಸುರಿದ. ನಿಲ್ಲಿಸಿದ. ಮತ್ತೆ ಸುರಿದ. ಕೊನೆಯ ಕಾಳು ತಗಡಿನ ಮೇಲೆ ಒಮ್ಮೆ ಪುಟಿದು, ಉರುಳಿ, ಸುಮ್ಮನಾಯಿತು. ಅವನು ಕಿವಿಯನ್ನು ಕತ್ತಲೆಯ ಕಡೆ ಕೊಟ್ಟು ಹಾಗೇ ಕೂತಿದ್ದ.