ಚಪ್ಪಲಿಯ ಪಾಳಿ

ಯಾರೋ ನನ್ನ ಚಪ್ಪಲಿಯನ್ನು ಕಾಲಿನಿಂದ ಒಂದು ಗೇಣು ಮುಂದೆ ಸರಿಸಿದರು, ಸರ್ ಎಂದು ಮಣ್ಣಿನ ಮೇಲೆ ಸದ್ದಾಯಿತು, ಬೇವಿನ ಗಿಡದ ಕೆಳಗೆ ಕೂತಿದ್ದ ನನಗೆ ಎದೆಯೊಳಗೇ ಏನನ್ನೋ ಎಳೆದಂತಾಯಿತು, ಯಾರು, ರಸೂಲಸಾಬನೇ ಇರಬೇಕು, ಸಣ್ಣವನಿದ್ದಾಗಿನಿಂದ ಕೈಕಾಲು ಸುಮ್ಮನಿರದ ಮನುಷ್ಯ, ಲೇ ಗೂಳಪ್ಪ, ನಿನ್ನ ಚಪ್ಪಲ್ ಮುಂದ ಇಷ್ಟ್ಯಾಕ ಜಾಗಾ ಬಿಟ್ಟೀಲೇ, ಬೀಗರು ಬರಾವರದಾರೇನು, ಎಂದು ನಗುತ್ತಾನೆ, ನಾನೂ ನಗಬೇಕು, ತುಟಿ ಏಳುವುದಿಲ್ಲ — ಎದ್ದು ಹೋಗಿ ಚಪ್ಪಲಿಯನ್ನು ಮತ್ತೆ ಒಂದು ಗೇಣು ಹಿಂದಕ್ಕೆ ಎಳೆದು ಬಂದು ಕೂಡುತ್ತೇನೆ, ಮುಂದೆ ಅಷ್ಟು ನೆಲ ಖಾಲಿ ಇರಲಿ. ನಮ್ಮ ಮಿಶ್ರಿಕೋಟಿಯ ರೇಶನ್ ಅಂಗಡಿಯ ಮುಂದೆ ಮೊದಲಿನಿಂದಲೂ ಹೀಗೆಯೇ, ಮನುಷ್ಯರು ನೆರಳಿನಲ್ಲಿ ಕೂಡುತ್ತಾರೆ, ಅವರ ಚಪ್ಪಲಿಗಳು ಬಿಸಿಲಿನಲ್ಲಿ ಪಾಳಿ ಹಚ್ಚಿ ನಿಲ್ಲುತ್ತವೆ, ಒಬ್ಬರ ಅಕ್ಕಿಯಾದರೆ ಎಲ್ಲವೂ ಒಂದು ಹೆಜ್ಜೆ ಮುಂದೆ ಸರಿಯುತ್ತವೆ, ಯಾರ ಪಾಳಿಯನ್ನೂ ಯಾರೂ ಕದಿಯುವುದಿಲ್ಲ, ಚಪ್ಪಲಿ ನಿಂತರೆ ಮನುಷ್ಯ ನಿಂತಂತೆ. ಮುಂಜಾನೆಯಿಂದ ಸರ್ವರ್ ಇರಲಿಲ್ಲ, ಈಗ ಬಂದಿದೆಯಂತೆ, ಅಂಗಡಿಯ ಮಡಿವಾಳೆಪ್ಪ ಒಳಗಿನಿಂದ ಕೂಗುತ್ತಾನೆ, ಹೆಬ್ಬಟ್ಟು ಚೊಲೊತ್ನಾಗಿ ಒರೆಸಿಕೊಂಡು ಬರ್ರಿ, ಕಾರ್ಡ್ ತಿದ್ದಾವರೂ ಇವತ್ತ ಬರ್ರಿ. ಕಾರ್ಡ್ ತಿದ್ದುವವನು ನಾನು. ಅಂಗಿಯ ಕಿಸೆಯಲ್ಲಿ ಪಂಚಾಯಿತಿಯವರು ಕೊಟ್ಟ ಕಾಗದ ನಾಲ್ಕು ಮಡಿಕೆಯಾಗಿ ಕೂತಿದೆ, ಬೆವರಿಗೆ ಮೆತ್ತಗಾಗಿದೆ, ಅದನ್ನು ಕೊಟ್ಟರೆ ಕಾರ್ಡಿನಿಂದ ನನ್ನ ಮೊಮ್ಮಗಳು ಶಿವಾನಿಯ ಹೆಸರು ಹೋಗುತ್ತದೆ. ಅಪ್ಪಾ, ನನ್ನ ಕೈಲೆ ಆಗಂಗಿಲ್ಲ, ನೀನ ಹೋಗು, ಎಂದ ಮಗ ಯಲ್ಲೇಶ, ಗೋಡೆಯ ಕಡೆ ಮುಖ ಮಾಡಿ ಹೇಳಿದ, ಆಯಿತಪ್ಪ ಎಂದೆ, ಹಿರಿಯನಲ್ಲವೇ, ಹಿರಿಯನ ಕೈಯಿಂದ ಆಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ.

ಮುಂದೆ ಒಂಬತ್ತು ಜೊತೆ ಇವೆ, ಈಗ ಎಂಟು, ಯಾಕಿಷ್ಟು ಬೇಗ ಬೇಗ, ನಿಧಾನವಾಗಲಿ ದೇವರೇ ಬೀರಪ್ಪಾ, ಆ ಸರ್ವರ್ ಇನ್ನೊಮ್ಮೆ ಹೋಗಲಿ. ಹೋದ ಬೇಸಿಗೆಯಲ್ಲಿ ನನಗೆ ಬೇಗ ಬೇಕಾಗಿತ್ತು, ಆಗ ಪಾಳಿ ಕದಲಲಿಲ್ಲ. ಹುಬ್ಬಳ್ಳಿ ದಾರಿಯ ಆ ಹೊಸ ಪಾರ್ಕು, ಗೇಟಿನ ಮೇಲೆ ಸಿಮೆಂಟಿನ ಜಿರಾಫೆ, ಯಲ್ಲೇಶನೂ ಸೊಸೆ ಸುಧಾರಾಣಿಯೂ ದೊಡ್ಡವರು ಕೂತು ತಿರುಗುವ ತೊಟ್ಟಿಲಿನ ಪಾಳಿಗೆ ಹೋಗಿದ್ದರು, ನೀವ ಹೋಗಿ ಬರ್ರಿ, ಕೂಸು ನನ್ನ ಕಡೆ ಇರ್ಲಿ ಎಂದು ನಾನೇ ಕಳಿಸಿದ್ದೆ, ಶಿವಾನಿಗೆ ಬೇಕಾದದ್ದು ಒಂದೇ, ಸುತ್ತು ತಿರುಗುತ್ತ ಮೇಲೇರುವ ಆನೆಗಳು, ಅದರಲ್ಲಿಯೂ ನೀಲಿಯದು, ಅಜ್ಜಾ, ನೀಲಿ ಆನಿ ನಮ್ಮ ಕಡೆ ನೋಡಿತು, ಅದಕ್ಕ ನನ್ನ ಹೆಸರು ಗೊತ್ತೈತಿ. ಗೊತ್ತಿರಬೇಕವ್ವ, ಊರಿಗೆಲ್ಲ ಗೊತ್ತೈತಿ ನಿನ್ನ ಹೆಸರು. ಎಷ್ಟು ಮಂದಿ, ಕಬ್ಬಿಣದ ಕೊಳವೆಗಳ ನಡುವೆ ಹಾವಿನಂತೆ ಸುತ್ತಿದ ಪಾಳಿ, ನಾವು ನಿಂತಿದ್ದು ನಾಲ್ಕು ಗಂಟೆಗೆ, ಆಗ ನೀಲಿ ಅಂಗಿಯ ಹುಡುಗಿಯೊಬ್ಬಳು ಬಂದು, ಅಜ್ಜಾರ, ಸಣ್ಣ ಕೂಸ ಐತೆಲ್ರಿ, ಐದು ವರ್ಷದ ಒಳಗಿನ ಮಕ್ಕಳಿಗೆ ಆ ಬಾಜು ಸಣ್ಣ ಗೇಟ್ ಐತ್ರಿ, ಬರ್ರಿ, ಎಂದಳು. ಅಲ್ಲಿಂದ ಬರೀ ಹತ್ತು ಹೆಜ್ಜೆ. ಹತ್ತೇ ಹೆಜ್ಜೆ. ನಾನು ಆ ಗೇಟಿನ ಕಡೆ ನೋಡಿದೆ, ಏಳೆಂಟು ವರ್ಷದ ಹುಡುಗನನ್ನು ಬಗಲಲ್ಲಿ ಎತ್ತಿಕೊಂಡು ಒಬ್ಬಾಕೆ ನಾಲ್ಕು ತುಂಬಿಲ್ಲರಿ ಎನ್ನುತ್ತಿದ್ದಳು, ಹುಡುಗನ ಕಾಲು ಅವಳ ಮೊಣಕಾಲಿನ ತನಕ ಜೋಲುತ್ತಿತ್ತು, ನನ್ನ ಹಿಂದಿನವನು, ನೋಡ್ರಿ, ಮಕ್ಕಳ ನೆಪಾ ಮಾಡಿ ಹೆಂಗ ನುಗ್ಗತಾರ, ನಾವೇನ ಪುಕ್ಕಟೆ ಬಂದೀವೇನ್ರಿ ಎಂದ, ನನಗೆ ಅವನ ಮಾತು ನ್ಯಾಯವೆನಿಸಿತು. ಮೂವತ್ತು ವರ್ಷ ಅಮಾವಾಸ್ಯೆಗೆ ಬೀರದೇವರ ಗುಡಿಯ ಪಾಳಿಯನ್ನು ಕೋಲು ಹಿಡಿದು ಕಾಯ್ದವನು ನಾನು, ಪಂಚಾಯಿತಿ ಅಧ್ಯಕ್ಷನನ್ನೂ ಹಿಂದೆ ನಿಲ್ಲಿಸಿದವನು, ದೇವರ ಮುಂದೆ ಹಿರಿದು ಕಿರಿದಿಲ್ಲ, ಪಾಳಿ ಮುರಿಯುವುದೆಂದರೆ ಇನ್ನೊಬ್ಬನ ಹೊತ್ತನ್ನು ಕದ್ದಂತೆ. ಬ್ಯಾಡವ್ವ, ಎಲ್ಲಾರಿಗೂ ಆದದ್ದ ನಮಗೂ ಆಗಲಿ, ಎಂದೆ. ಅಜ್ಜಾರ, ಇದು ಪಾಳಿ ಮುರದಂಗಲ್ರಿ, ಸಣ್ಣವರಿಗೆ ಇದ ಅವರ ಪಾಳಿ, ಎಂದು ಆ ಹುಡುಗಿ ಇನ್ನೊಮ್ಮೆ ಹೇಳಿದಳು. ನನ್ನ ಮೊಮ್ಮಗಳ ವಯಸ್ಸಿನವಳಲ್ಲ, ಮಗಳ ವಯಸ್ಸಿನವಳು, ಅವಳಿಗೆ ಗೊತ್ತಿತ್ತು, ನನಗೆ ಗೊತ್ತಾಗಲಿಲ್ಲ. ದೊಡ್ಡವರ ತಾಸೂ ಮಗುವಿನ ತಾಸೂ ಒಂದೇ ಅಳತೆಯವಲ್ಲ, ನಾಲ್ಕು ವರ್ಷದ ಕಾಲಿಗೆ ಒಂದು ತಾಸೆಂದರೆ ಒಂದು ಹೊಲ, ಎಲ್ಲರಿಗೂ ಒಂದೇ ಹಗ್ಗದಿಂದ ಅಳೆದು ಅದನ್ನು ನ್ಯಾಯ ಎಂದುಕೊಂಡೆ, ಹಿಂದಿನವನು ನನ್ನ ಬೆನ್ನು ತಟ್ಟಿ, ನಿಮ್ಮಂಥ ಹಿರ್ಯಾರು ಬೇಕ್ರಿ ಎಂದ, ನಾನು ಉಬ್ಬಿದೆ.

ಕಾಕಾ, ಮುಂದ ಸರಕೋರಿ, ನಿಮ್ಮ ಮುಂದ ಜಾಗಾ ಐತಿ. ಯಾರು, ಹಸನಬಿ, ಕಂಕುಳಲ್ಲಿ ಕೂಸು, ಕೂಸು ಬಿಸಿಲಿಗೆ ಕೆಂಪಾಗಿದೆ, ಏನು ವಯಸ್ಸವ್ವ, ಎರಡ ತುಂಬ್ಯಾವ್ರಿ ಕಾಕಾ, ಹಂಗಾರ ನೀ ಮುಂದ ಹೋಗು, ಹೋಗವ್ವ, ನನ್ನ ಜಾಗಾದಾಗ ನಿಂದರು, ನಾ ನಿನ್ನ ಜಾಗಾಕ್ಕ ಹೋಗತೇನಿ. ಅವಳು ಬ್ಯಾಡ್ರಿ ಎನ್ನುತ್ತಾಳೆ, ನಾನು ಚಪ್ಪಲಿ ಎತ್ತಿಕೊಂಡು ಪಾಳಿಯ ಕೊನೆಗೆ ಬಂದಾಗಿದೆ, ನೆರಳಿನವರು ನೋಡಿ, ಗೂಳಪ್ಪಕಾಕಾ ಅಂದ್ರ ದೇವರಂಥ ಮನಿಷ್ಯಾ ಎನ್ನುತ್ತಾರೆ, ಮತ್ತೆ ಅದೇ ಮಾತು, ಅದೇ ಬೆನ್ನು ತಟ್ಟುವಿಕೆ, ಇವರಿಗೇನು ಗೊತ್ತು, ನಾನು ಕೂಸಿಗಾಗಿ ಬಿಟ್ಟೆನೋ, ಕಿಸೆಯ ಕಾಗದಕ್ಕೆ ಹೆದರಿ ಬಿಟ್ಟೆನೋ, ನನಗೇ ಗೊತ್ತಿಲ್ಲ ದೇವರೇ. ಇಲ್ಲಿಯೂ ಮುಂದೆ ಒಂದು ಗೇಣು ನೆಲ ಬಿಡುತ್ತೇನೆ. ಅಂದು ಪಾರ್ಕಿನಲ್ಲಿ ಐದು ಗಂಟೆಗೆ ಶಿವಾನಿ, ಅಜ್ಜಾ, ಉಚ್ಚಿ ಬಂತು, ಎಂದಳು. ಪಾಳಿ ಬಿಟ್ಟು ಹೋಗುವುದು ಹೇಗೆ, ನಮ್ಮ ಊರಿನವನಿಗೆ ಹೊಳೆಯುವುದು ಒಂದೇ, ಚಪ್ಪಲಿ ಬಿಟ್ಟೆ, ಕೊಳವೆಯ ಬದಿಗೆ ಜೋಡಿಸಿ ಇಟ್ಟೆ, ಇವಳೂ ತನ್ನವನ್ನು ಬಿಟ್ಟಳು, ಕೆಂಪು ಚಪ್ಪಲಿ, ನಡೆದರೆ ಪೀಂ ಪೀಂ ಎನ್ನುವಂಥವು, ನನ್ನದರ ಬಾಜು ಅಲ್ಲ, ನನ್ನದರ ಮುಂದೆ ಇಟ್ಟಳು, ಒಂದು ಗೇಣು ಮುಂದೆ, ನಾ ಮೊದಲ ಅಜ್ಜಾ, ನೀ ಹಿಂದ. ಸಿಮೆಂಟು ಸುಡುತ್ತಿತ್ತು, ಎತ್ತಿಕೊಂಡೆ, ಹೋಗಿ ಬಂದೆವು, ಬಂದರೆ ಚಪ್ಪಲಿಯಿಲ್ಲ, ಕಸದ ಬುಟ್ಟಿಯ ಹತ್ತಿರ ಪೊರಕೆಯಿಂದ ಗೂಡಿಸಿ ಒಗೆದಿದ್ದರು, ಇಲ್ಲೆ ಇಟ್ಟಿದ್ದಿವ್ರಿ, ಇದು ನಮ್ಮ ಪಾಳಿ, ಎಂದೆ, ಮಂದಿ ಗೊಳ್ಳೆಂದು ನಕ್ಕರು, ಬೆನ್ನು ತಟ್ಟಿದ್ದವನೇ, ಯಜಮಾನ್ರ, ಚಪ್ಪಲಿಗೆ ಯಾವ ಪಾಳಿರಿ, ನ್ಯಾಯಾ ಎಲ್ಲಾರಿಗೂ ಒಂದ ಅಲ್ಲೇನು, ಹಿಂದ ನಡೀರಿ, ಎಂದ. ಸಣ್ಣ ಗೇಟಿಗೆ ಓಡಿದೆ, ಅದು ಐದಕ್ಕೆ ಮುಚ್ಚಿತ್ತು, ಆ ಹುಡುಗಿ ಇರಲಿಲ್ಲ, ಹಿಂದೆ ಹೋಗಿ ನಿಂತೆ, ಅವಳು ನನ್ನ ಹೆಗಲ ಮೇಲೆ ನೀಲಿ ಆನೆಯನ್ನು ನೋಡುತ್ತ ನೋಡುತ್ತ ನಿದ್ದೆ ಹೋದಳು, ಆರಕ್ಕೆ ಸೀಟಿ ಊದಿ ಹಗ್ಗ ಕಟ್ಟಿದರು, ನಮ್ಮ ಮುಂದೆ ನಾಲ್ಕು ಮಂದಿ ಇದ್ದರು. ಬಸ್ಸಿನಲ್ಲಿ ಎಚ್ಚರಾಗಿ, ಅಜ್ಜಾ, ನಮ್ಮ ಪಾಳಿ ಬಂತೇನ. ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಮುಂದಿನ ಸಲ ನಿನ್ನ ಪಾಳಿ ಎಲ್ಲಾರಕಿಂತ ಮೊದಲವ್ವ, ಎಂದೆ, ನನ್ನ ಬಾಯಿಂದಲೇ ಎಂದೆ, ಯಾವ ದೇವತೆ ಅಸ್ತು ಎಂದಳೋ.

ರೇಣುಕವ್ವ ನನ್ನ ಹೆಂಡತಿ, ಐವತ್ತು ವರ್ಷದಲ್ಲಿ ಎದುರು ಮಾತಾಡಿದವಳಲ್ಲ, ಆ ರಾತ್ರಿ ರೊಟ್ಟಿ ಬಡಿಯುತ್ತ ಕೇಳಿದಳು, ಗುಡಿಯೊಳಗ ಬಾಣಂತಿ ಬಂದ್ರ ದಾರಿ ಬಿಡಸ್ತಿದ್ರಿ, ಮಂದಿ ಕೂಸಿಗೆ ಬಿಡಸಿದಾವರು ನಮ್ಮ ಕೂಸಿಗೆ ಯಾಕ ಬಿಡಸಲಿಲ್ಲ. ನಮ್ಮದು ಅಂತಲೇ ಬಿಡಸಲಿಲ್ಲ, ಎಂದೆ. ಅವಳು ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡು ಬಡಿಯತೊಡಗಿದಳು. ಅಂದಿನಿಂದ ಕೂಸಿಗೆ ಒಂದೇ ಆಟ, ಮನೆಮಂದಿಯ ಚಪ್ಪಲಿಗಳನ್ನೆಲ್ಲ ಅಂಗಳದಲ್ಲಿ ಪಾಳಿ ಹಚ್ಚುವುದು, ಮುಂದೆ ತನ್ನ ಕೆಂಪು ಚಪ್ಪಲಿ, ಆನಿ ಬಂತು, ಹತ್ರಿ, ಒಬ್ಬೊಬ್ಬರ ಹತ್ರಿ, ನುಗ್ಗಬ್ಯಾಡ್ರಿ, ನನ್ನ ದನಿಯನ್ನೇ ಮಾಡಿ ಕೂಗುವಳು. ಶ್ರಾವಣದಲ್ಲಿ ಜ್ವರ ಬಂತು, ಮೂರನೆಯ ದಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು, ಅಲ್ಲಿಯೂ ಪಾಳಿಯಿತ್ತು, ಉದ್ದಕ್ಕಿತ್ತು, ಆದರೆ ಕೂಸಿನ ಮುಖ ನೋಡಿ ಎಲ್ಲರೂ ಸರಿದರು, ಬಿಡ್ರಿ, ಬಿಡ್ರಿ, ಅವರಿಗೆ ದಾರಿ ಬಿಡ್ರಿ, ಯಾರೂ ಗೊಣಗಲಿಲ್ಲ, ಕೊನೆಗೂ ಅವಳು ಪಾಳಿ ಇಲ್ಲದೆ ಒಳಗೆ ಹೋದದ್ದು ಅದೊಂದೇ ಬಾಗಿಲು. ಮಣ್ಣು ಕೊಟ್ಟು ಬಂದಾಗ ಮನೆಯ ಮುಂದೆ ಮಾತಾಡಿಸಲು ಬಂದವರ ಚಪ್ಪಲಿಗಳು ಬಾಗಿಲಿನಿಂದ ಬೀದಿಯ ತನಕ ಸಾಲು ಹಿಡಿದಿದ್ದವು, ದೊಡ್ಡ ದೊಡ್ಡ ಕರಿ ಚಪ್ಪಲಿ, ಹವಾಯಿ ಚಪ್ಪಲಿ, ಅವೆಲ್ಲಕ್ಕಿಂತ ಮುಂದೆ, ಹೊಸ್ತಿಲಿಗೆ ತಾಗಿ, ಅವಳು ಜ್ವರದ ಹಿಂದಿನ ದಿನ ಇಟ್ಟಲ್ಲಿಯೇ —

ಗೂಳಪ್ಪ. ರಸೂಲಸಾಬ ಬಂದು ಬಾಜು ಕೂತಿದ್ದಾನೆ, ಈಗ ನಗುತ್ತಿಲ್ಲ, ನನ್ನ ಚಪ್ಪಲಿಯನ್ನೂ ಅದರ ಮುಂದಿನ ನೆಲವನ್ನೂ ನೋಡುತ್ತಿದ್ದಾನೆ, ನೋಡಿ ನೋಡಿ ತನ್ನ ಟವಲನ್ನು ಬಾಯಿಗೆ ಒತ್ತಿಕೊಂಡ, ತಪ್ಪಾತಪಾ, ಆಗ ನಾ ಸರಿಸಬಾರದಿತ್ತು, ಎನ್ನುತ್ತಾನೆ, ಇರಲಿ ಬಿಡೋ. ಹಸನಬಿ ಅಕ್ಕಿಯ ಚೀಲ ಹೊತ್ತು ಹೋದಳು, ಅವಳ ಹಿಂದಿನವರೂ ಹೋದರು, ಇನ್ನು ಬಿಟ್ಟುಕೊಡಲು ಯಾರೂ ಉಳಿದಿಲ್ಲ, ಬಿಸಿಲಿನಲ್ಲಿ ಒಂದೇ ಜೊತೆ, ನನ್ನದು. ಗೂಳಪ್ಪಕಾಕಾ, ಬರ್ರಿ, ನಿಮ್ಮ ಪಾಳಿ. ಹೆಬ್ಬಟ್ಟು ಇಡುತ್ತೇನೆ, ಯಂತ್ರದಲ್ಲಿ ಹಸಿರು ದೀಪ, ಮನೆಯವರ ಹೆಸರುಗಳು ಒಂದರ ಕೆಳಗೆ ಒಂದು, ಅಲ್ಲಿಯೂ ಪಾಳಿ, ಅವಳದು ಎಲ್ಲರಿಗಿಂತ ಕೊನೆಗೆ. ಕಾಗದ ಮೇಜಿನ ಮೇಲಿದೆ, ಮಡಿವಾಳೆಪ್ಪ ಅದನ್ನು ಬಿಚ್ಚಿ ಓದಿ ತಲೆ ತಗ್ಗಿಸುತ್ತಾನೆ, ಕಾಕಾ, ನೀವ ಒಮ್ಮೆ ಬಾಯಿಲೆ ಹೇಳಬೇಕ್ರಿ, ಯಾರ ಹೆಸರು ತೆಗೀಬೇಕು, ಎಂದು ಮೆಲ್ಲಗೆ ಕೇಳುತ್ತಾನೆ, ಹೇಳುತ್ತೇನಪ್ಪ, ಊರಿಗೆಲ್ಲ ಗೊತ್ತಿರುವ ಹೆಸರು, ಆನೆಗೂ ಗೊತ್ತಿದ್ದ ಹೆಸರು, ಬಾಯಿ ತೆರೆಯುತ್ತೇನೆ, ಬಾಗಿಲಿನಾಚೆ ಬಿಸಿಲು, ಬಿಸಿಲಿನಲ್ಲಿ ನನ್ನ ಚಪ್ಪಲಿ, ನನ್ನ ಚಪ್ಪಲಿಯ ಮುಂದೆ ಒಂದು ಗೇಣು ನೆಲ, ಆ ನೆಲದ ಮೇಲೆ ಕೆಂಪು, ಎರಡು, ಸಣ್ಣವು, ಕೆಂಪು —