ಕೇಕಿನ ಮೇಲಿನ ಎರಡು ಹೆಸರು

ಕೇಕಿನ ಮೇಲೆ ಬರೆಯುವ ಕಾಗದದ ಕೋನಿನೊಳಗೆ ಕೆಂಪು ಕ್ರೀಮು ತುಂಬಿ, ಗಾಳಿ ಹೋಗಲೆಂದು ಮೇಲಿನಿಂದ ಕೆಳಕ್ಕೆ ಹಿಂಡುತ್ತಿದ್ದೆ. ಒಳಗೆ ಒಂದೇ ಒಂದು ಗುಳ್ಳೆ ಉಳಿದರೂ ಸಾಕು, ಬರೆಯುವಾಗ ನಡುವೆ ಪುಸಕ್ಕೆಂದು ಒಡೆದು ಹೆಸರಿನ ಮೂತಿ ಕೆಡಿಸುತ್ತದೆ. ಆ ದಿನ ಬೆಳಿಗ್ಗೆ ಮೇಜಿನ ಮೇಲೆ ಐದು ಕೇಕುಗಳಿದ್ದವು. ಮೂರು ಹುಟ್ಟುಹಬ್ಬದವು, ಒಂದು ಯಾರೋ ಮೇಷ್ಟರ ನಿವೃತ್ತಿಯದು, ಇನ್ನೊಂದು ಮದುವೆಯಾಗಿ ಒಂದು ವರ್ಷ ತುಂಬಿದ ಗಂಡ ಹೆಂಡಿರದು.

ಈ ಬೇಕರಿಯಲ್ಲಿ ಹೆಸರು ಬರೆಯುವ ಕೆಲಸ ನನ್ನದು. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಇನ್ನೂ ಮಕ್ಕಳ ಕಾಪಿ ಪುಸ್ತಕದ ಹಾಗೆ ದುಂಡಗೆ, ಬಿಡಿಬಿಡಿಯಾಗಿದೆ. ಅದನ್ನು ನೋಡಿಯೇ ಮಾಲೀಕ, ತಟ್ಟೆ ತಿಕ್ಕುತ್ತಿದ್ದ ನನ್ನನ್ನು ಕರೆದು ಈ ಮೇಜಿಗೆ ಕೂರಿಸಿದ್ದ. "ಅಜ್ಜಿ, ಓದಿದೋರ ಅಕ್ಷರ ಯಾರಿಗೂ ಅರ್ಥ ಆಗಲ್ಲ. ನೀವೇ ಬರೀರಿ" ಅಂದಿದ್ದ.

ಹೆಸರು ಬರೆದು ಮುಗಿಸಿದಾಗ ಕೋನನ್ನು ಮೇಲೆತ್ತುತ್ತ ಒಂದು ಮಾತು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. "ದೇವರೇ, ಇವರನ್ನು ನಗಿಸಿ ಇಡು." ಯಾರೂ ಹೇಳಿಕೊಟ್ಟದ್ದಲ್ಲ. ಅಷ್ಟೊಂದು ಹೆಸರು ಕೈಯಲ್ಲಿ ಹಾದು ಹೋಗುವಾಗ ಸುಮ್ಮನೆ ಕಳಿಸುವುದು ಹೇಗೆ, ಒಂದು ಮಾತಾದರೂ ಜೊತೆಗೆ ಕಟ್ಟಿಕೊಡೋಣ ಅನ್ನಿಸಿ ಶುರುವಾದದ್ದು. ಹಲ್ಲು ಬಾರದ ಮಗುವಿಗೂ ಹೇಳಿದ್ದೇನೆ, ಹಲ್ಲೆಲ್ಲ ಉದುರಿದವರಿಗೂ ಹೇಳಿದ್ದೇನೆ. ಮಗಳ ಮದುವೆಯ ಕೇಕಿನ ಮೇಲೆ ಅವಳ ಹೆಸರು, ಅಳಿಯನ ಹೆಸರು ಬರೆದಾಗ ಎರಡು ಸಲ ಹೇಳಿದ್ದೆ.

ಮಗಳು ಹೋಗಿ ಮೂರು ವರ್ಷವಾಯಿತು. ಅವಳ ಕಾಯಿಲೆಯ ಏಳು ತಿಂಗಳೂ ದೇವರಲ್ಲಿ ಒಂದನ್ನೇ ಕೇಳಿದೆ, ಅವನು ಕೊಡಲಿಲ್ಲ. ಅಂದಿನಿಂದ ಅವನ ಮೇಲೆ ನನಗೆ ಮುನಿಸು, ಆದರೆ ಮಾತು ಬಿಟ್ಟಿಲ್ಲ. ಪಕ್ಕದ ಮನೆಯವರ ಜೊತೆ ಜಗಳವಾದರೂ ನೀರು ಬಂತಾ ಅಂತ ಕೇಳುವುದಿಲ್ಲವೇ, ಹಾಗೆ. ಕೇಕಿನ ಜನಕ್ಕಾಗಿ ಬೇಡಿಕೊಳ್ಳುತ್ತೇನೆ, ನನಗಾಗಿ ಏನನ್ನೂ ಕೇಳುವುದಿಲ್ಲ.

ಮೊದಲು ಬೇರೆ ಬೀದಿಯ ಬಾಡಿಗೆ ಕೋಣೆಯಿಂದ ಕೆಲಸಕ್ಕೆ ಬರುತ್ತಿದ್ದವಳು, ಅದನ್ನು ಬಿಟ್ಟು ಮಗಳ ಆರೈಕೆಗೆಂದು ಬಂದು ಅಳಿಯನ ಮನೆಯಲ್ಲೇ ಉಳಿದುಬಿಟ್ಟೆ. ಮನೆಯೆಂದರೆ ಇದೇ ಬೇಕರಿಯ ಮೇಲಿನ ಎರಡು ಕೋಣೆ. ಕೆಳಗಿನ ಭಟ್ಟಿಯ ಕಾವಿಗೆ ನೆಲ ಸದಾ ಬೆಚ್ಚಗೆ. ಇರುವ ಒಂದು ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಎದುರು ಕಟ್ಟಡದ ಗೋಡೆ. ಒಳಗಿನ ಕೋಣೆ ನನಗೆ ಬಿಟ್ಟು ಅಳಿಯ ಹೊರಗಿನ ಕೋಣೆಯಲ್ಲಿ ಮಡಚುವ ಮಂಚದ ಮೇಲೆ ಮಲಗುತ್ತಾನೆ. ಉದ್ದದ ಆಳು, ಕಾಲು ಮಂಚದಿಂದಾಚೆ ನೇತಾಡುತ್ತದೆ. "ದೊಡ್ಡ ಮಂಚ ತಗೋ ಅಪ್ಪಾ" ಅಂದರೆ, "ಇರಲಿ ಅತ್ತೆ, ಬಾಗಿಲು ತೆಗೆಯೋಕೆ ಜಾಗ ಬೇಕಲ್ಲ" ಅನ್ನುತ್ತಾನೆ.

ಅವನು ಲಿಫ್ಟ್ ರಿಪೇರಿಯವನು. ಸಿಕ್ಕಿಬಿದ್ದವರ ಕಥೆಗಳನ್ನು ಊಟಕ್ಕೆ ಕೂತಾಗ ಹೇಳುತ್ತಾನೆ. ಒಂದು ಸಲ ಅತ್ತೆ ಸೊಸೆ ಇಬ್ಬರೇ ಎರಡು ಗಂಟೆ ಸಿಕ್ಕಿಹಾಕಿಕೊಂಡಿದ್ದರಂತೆ. ಇವನು ಬಾಗಿಲು ತೆರೆದಾಗ ಇಬ್ಬರೂ, "ಒಂದು ನಿಮಿಷ ಇರಪ್ಪ, ಮಾತು ಮುಗಿದಿಲ್ಲ" ಅಂದರಂತೆ. ನಾನು ನಕ್ಕೆ. ಅವನೂ ನಕ್ಕ. ನಗು ಮುಗಿದ ಮೇಲೆ ಅವನು ನನ್ನ ತಟ್ಟೆಗೆ ಸಾರು ಬಡಿಸಿದ, ನಾನು ಅವನದಕ್ಕೆ ಅನ್ನ ಹಾಕಿದೆ. ನಾನು ಒಬ್ಬಳೇ ಆಗುತ್ತೇನೆಂದು ಅವನು ಬೇಗ ಬರುತ್ತಾನೆ. ಅವನು ಬೇಗ ಬರುತ್ತಾನೆಂದು ನಾನು ಎಲ್ಲಿಗೂ ಹೋಗುವುದಿಲ್ಲ. ಹೋಗಿ ಅನ್ನಲು ಅವನಿಗೆ ಬಾಯಿಲ್ಲ, ಹೋಗುತ್ತೇನೆ ಅನ್ನಲು ನನಗೆ ಜಾಗವಿಲ್ಲ.

ಹನ್ನೊಂದು ತಿಂಗಳ ಹಿಂದೆ ನನ್ನ ಹೆಸರಿಗೆ ಬೇಕರಿಯ ವಿಳಾಸಕ್ಕೆ ಒಂದು ಪತ್ರ ಬಂತು. ಬರೆದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಮಗಳಿಗೆ ಮಾತ್ರೆ ತರಲು ಹೋಗುತ್ತಿದ್ದಾಗಿನಿಂದ ಅಳಿಯನಿಗೆ ಪರಿಚಯ. ಪತ್ರ ಒಂದೇ ಹಾಳೆ. "ಅಮ್ಮಾ, ಅವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಮದುವೆಯ ಮಾತು ನಾನೇ ಎತ್ತಿದೆ. ಅತ್ತೆಗೆ ನೋವಾಗುತ್ತದೆ, ಆಗುವುದಿಲ್ಲ ಅಂದರು. ನೀವು ಬೇಡ ಅಂದರೆ ಇನ್ನೊಮ್ಮೆ ಕೇಳುವುದಿಲ್ಲ. ಹೂಂ ಅಂದರೆ ನೀವೂ ನಮ್ಮ ಜೊತೆಗೇ ಇರಬೇಕು. ಒಂದು ಸಾಲು ಬರೆಯಿರಿ."

ಆ ಒಂದು ಸಾಲು ನನ್ನಿಂದ ಆಗಲಿಲ್ಲ. ನಾಲ್ಕು ಸಲ ಕೂತೆ. "ಮಗಳೇ" ಎಂದು ಬರೆದು ಹೊಡೆದು ಹಾಕಿದೆ, ನನ್ನ ಮಗಳಲ್ಲ. "ಮೇಡಂ" ಅಂದರೆ ಔಷಧಿ ಚೀಟಿಯಂತಾಯಿತು. ಕರೆಯುವುದೇನೆಂದು ತಿಳಿಯದೆ ಕೈ ಕಟ್ಟಿತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆಯೇ ಇತ್ತು. ನನ್ನ ಮಗಳು ನಿದ್ದೆಯಲ್ಲಿ ನಗುತ್ತಿದ್ದಳು ಎಂಬುದು ಈ ಲೋಕದಲ್ಲಿ ಇಬ್ಬರಿಗೇ ಗೊತ್ತು, ನನಗೆ ಮತ್ತು ಅಳಿಯನಿಗೆ. ಅವನನ್ನು ಇಟ್ಟುಕೊಂಡಷ್ಟು ದಿನ ಅವಳನ್ನೂ ಇಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ.

ಆ ಐದು ಕೇಕುಗಳ ಹಿಂದಿನ ದಿನ ಸಂಜೆ ಅಳಿಯ ತಟ್ಟೆ ತೊಳೆಯುತ್ತ, ನನಗೆ ಬೆನ್ನು ಮಾಡಿಕೊಂಡೇ ಹೇಳಿದ, "ಆ ಔಷಧಿ ಅಂಗಡಿಯೋರು ಈ ತಿಂಗಳ ಕೊನೆಗೆ ಊರು ಬಿಡ್ತಾರಂತೆ ಅತ್ತೆ. ಅವರ ಅಣ್ಣನ ಮನೆಗೆ."

"ಹೌದಾ?" ಅಂದೆ.

"ಹೂಂ. ಹಾಗಂತ ಅಂಗಡೀಲಿ ಯಾರೋ ಹೇಳಿದ್ರು."

ತೊಳೆದ ತಟ್ಟೆಯನ್ನೇ ಅವನು ಇನ್ನೊಮ್ಮೆ ತೊಳೆದ. ತಿಂಗಳು ಮುಗಿಯಲು ಇನ್ನು ಆರು ದಿನವಿತ್ತು. ನಾನು ಒಳಗೆ ಹೋಗಿ ಮಲಗಿದೆ.

ಮರುದಿನವೇ ಈ ಐದು ಕೇಕು. ಐದನೆಯದರ ಚೀಟಿ ನೋಡಿದೆ. ಗಂಡನ ಹೆಸರು ನನ್ನ ಅಳಿಯನದೇ. ಅಪರೂಪದ ಹೆಸರೇನಲ್ಲ, ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಆ ಹೆಸರು ಬರೆದೆ, ಪಕ್ಕದಲ್ಲಿ ಒಂದು ಪುಟ್ಟ ಹೂವು ಹಾಕಿದೆ, ಮುಂದಿನ ಹೆಸರನ್ನೂ ಬರೆದು ಮುಗಿಸಿದೆ. ಬರೆದ ಮೇಲೆ ಚೀಟಿ ಹಿಡಿದು ಮಾಲೀಕ, ಕೇಕು ನೋಡಿ ನಾನು, ಅಕ್ಷರ ಅಕ್ಷರ ಜೋರಾಗಿ ಓದಿ ತಾಳೆ ಹಾಕಿದ ಮೇಲೇ ಡಬ್ಬ ಮುಚ್ಚುವುದು ನಮ್ಮಲ್ಲಿಯ ಪದ್ಧತಿ. ಅವತ್ತು ಅವನು ಫೋನಿನಲ್ಲಿ ಮೊಟ್ಟೆಯವನ ಜೊತೆ ಜಗಳಾಡುತ್ತಿದ್ದ. ಹುಬ್ಬಿನಲ್ಲೇ ಸರಿಯಾ ಅಂತ ಕೇಳಿದ. ನಾನು ತಲೆಯಾಡಿಸಿಯೇ ಸರಿ ಅಂದೆ.

ಹನ್ನೊಂದು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಹೆಂಡತಿ ಮುಚ್ಚಳ ತೆಗೆದು ನೋಡಿದಳು.

"ಯಾರ್ರೀ ಇವಳು?"

"ಎಲ್ಲಿ?" ಗಂಡ ಬೀದಿ ಕಡೆ ನೋಡಿದ.

"ಬೀದೀಲಲ್ಲ, ಕೇಕಲ್ಲಿ! ನಿಮ್ಮ ಪಕ್ಕ ಕೂತಿದ್ದಾಳಲ್ಲ, ನಡುವೆ ಹೂ ಬೇರೆ ಇಟ್ಕೊಂಡು!"

"ನನಗೇನು ಗೊತ್ತೇ? ಬರೆದೋರನ್ನ ಕೇಳು."

"ಬರೆಸಿದ್ದು ಯಾರು? ನನ್ನ ಹೆಸರೇ ಮರೆತುಹೋಯ್ತಾ, ಇಲ್ಲಾ ಇದು ನೆನಪಿಗೆ ಬಂತಾ?"

"ದೇವರಾಣೆ, ಆ ಹೆಸರಿನೋರು ನನಗೆ ಯಾರೂ ಗೊತ್ತಿಲ್ಲ. ಎರಡನೇ ಕ್ಲಾಸಲ್ಲಿ ಒಬ್ಬರು ಟೀಚರ್ ಇದ್ರು, ಅಷ್ಟೇ."

"ನೋಡಿ, ಒಬ್ಬಳು ಹೊರಗೆ ಬಂದಳು!"

ಮಾಲೀಕ ಕುರ್ಚಿ ಎಳೆದ. "ಮೇಡಂ, ಕೂತ್ಕೊಳ್ಳಿ, ಸಮಾಧಾನ..."

"ಕೂತ್ಕೊಳ್ಳೋಕೆ ಬಂದಿಲ್ಲ. ಮನೇಲಿ ಮೂವತ್ತು ಜನ ಕಾಯ್ತಿದ್ದಾರೆ, ನಮ್ಮತ್ತೆ ಕಣ್ಣಿಗೆ ಬಿದ್ರೆ ಮುಗೀತು."

ನಾನು ಒಳಗಿನಿಂದ ಬಂದು ಡಬ್ಬದೊಳಗೆ ಬಗ್ಗಿ ನೋಡಿದೆ. ನನ್ನದೇ ದುಂಡಗಿನ ಅಕ್ಷರದಲ್ಲಿ ನನ್ನ ಮಗಳು ಕೂತಿದ್ದಳು.

"ತಪ್ಪು ನಂದು ಕಣಮ್ಮಾ. ಅವರನ್ನ ಬೈಬೇಡ. ಅದು ನನ್ನ ಮಗಳ ಹೆಸರು. ನನ್ನ ಅಳಿಯನ ಹೆಸರೂ ನಿಮ್ಮ ಯಜಮಾನರದೇ. ಕೈ ತಾನಾಗೇ ಬರೆದುಬಿಡ್ತು."

ಅವಳ ಮುಖ ಸಡಿಲವಾಯಿತು. ನಗುವೂ ಬಂತು. "ಅಯ್ಯೋ ಅಜ್ಜಿ! ಕರೀರಿ ನಿಮ್ಮ ಮಗಳನ್ನ. ಅವರಿಂದಾಗಿ ಇವತ್ತು ನಮ್ಮನೆಯೋರು ಬೈಸಿಕೊಂಡ್ರು ಅಂತ ಹೇಳ್ತೀನಿ."

"ಅವಳಿಲ್ಲಮ್ಮಾ. ಮೂರು ವರ್ಷ ಆಯ್ತು."

ಮಾಲೀಕ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಗಂಡ, "ಬಿಡಿ ಅಜ್ಜಿ, ಹಾಗೇ ಕೊಟ್ಟುಬಿಡಿ, ತಗೊಂಡು ಹೋಗ್ತೀವಿ" ಅಂದ. ಒಳ್ಳೆಯವನು.

ಹೆಂಡತಿ ಮಾತ್ರ ತಲೆ ಅಲ್ಲಾಡಿಸಿದಳು. ನನ್ನ ಕೈ ಮೇಲೆ ಕೈಯಿಟ್ಟಳು, ಆದರೆ ಮಾತು ಬದಲಿಸಲಿಲ್ಲ. "ಹಾಗೇ ಹೇಗೆ ತಗೊಂಡು ಹೋಗೋದು? ನಿಮ್ಮ ಮಗಳ ಹೆಸರನ್ನ ಯಾರೋ ಮೂವತ್ತು ಜನ ಕತ್ತರಿಸಿ ತಿನ್ನೋದು ಬೇಡ ಅಜ್ಜಿ. ತೆಗೀರಿ. ನಿಧಾನಕ್ಕೆ ತೆಗೀರಿ. ಆಮೇಲೆ ನಂದು ಬರೀರಿ, ನಾನು ಕಾಯ್ತೀನಿ." ಆಗ ಬೇಡವೆಂದ ಕುರ್ಚಿಯಲ್ಲಿ ಕೂತಳು.

ಕೇಕನ್ನು ಒಳಗೆ ತಂದೆ. ತಪ್ಪಿದ ಹೆಸರನ್ನು ಚಪ್ಪಟೆ ಚಾಕುವಿನಲ್ಲಿ ಒಂದೇ ಎಳೆತಕ್ಕೆ ತೆಗೆದು ಕಸದ ಡಬ್ಬಕ್ಕೆ ಒರೆಸುವುದು ರೂಢಿ. ಎಷ್ಟೋ ಹೆಸರು ಹಾಗೆ ತೆಗೆದಿದ್ದೇನೆ. ಈ ಸಲ ಚಾಕು ಹಿಡಿದ ಕೈ ಮುಂದೆ ಹೋಗಲೊಲ್ಲದು. ಭಟ್ಟಿಯ ಬಿಸಿ ಬೆನ್ನಿಗೆ, ಮುಂದೆ ಗೋಡೆ, ಹೊರಗೆ ಕಾಯುತ್ತಿರುವವಳು. ಅವಳು ಕೆಮ್ಮಿದ ಸದ್ದು ಕೇಳಿಸಿತು. ಇರುವವಳು, ತನ್ನ ಹೆಸರಿಗಾಗಿ ಕಾಯುತ್ತಿರುವವಳು. ಅವಳನ್ನು ಎಷ್ಟು ಹೊತ್ತು ಕೂರಿಸುವುದು? ಇನ್ನೊಬ್ಬಳನ್ನು ಹನ್ನೊಂದು ತಿಂಗಳು ಕೂರಿಸಿದ್ದೇನಲ್ಲ, ಅನ್ನಿಸಿತು.

ಎಳೆದೆ. ಹೆಸರು ಚಾಕುವಿನ ಮೇಲೆ ಕೆಂಪು ಬಿಳಿ ಮುದ್ದೆಯಾಗಿ ಬಂತು. ಕಸಕ್ಕೆ ಹಾಕಲು ಆಗಲಿಲ್ಲ. ಸಕ್ಕರೆ ಕಾಯಿಲೆಯವಳು ನಾನು, ಎರಡು ವರ್ಷದಿಂದ ಸಿಹಿ ಮುಟ್ಟಿಲ್ಲ. ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡೆ. ಬರೀ ಸಿಹಿ. ಏನೂ ಆಗಲಿಲ್ಲ. ಮಗಳು ಹೊರಟುಹೋಗಲಿಲ್ಲ, ಬರಲೂ ಇಲ್ಲ. ಕಣ್ಣೀರು ಸುರಿಯುತ್ತಿತ್ತು, ಕೇಕಿಗೆ ಬೀಳದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ.

ಕೆಂಪು ಕಲೆ ಉಳಿದ ಕಡೆ ಬಿಳಿ ಕ್ರೀಮು ಹಚ್ಚಿ ಸಮ ಮಾಡಿ ಆ ಹುಡುಗಿಯ ಹೆಸರು ಬರೆದೆ. ಕೋನು ಮೇಲೆತ್ತಿದಾಗ ರೂಢಿಯಂತೆ ಮಾತು ತಾನಾಗಿ ಬಂತು. "ದೇವರೇ, ಇವರನ್ನು ನಗಿಸಿ ಇಡು." ಹೇಳಿ ಮುಗಿದ ಮೇಲೆ ಕೇಕು ನೋಡಿದೆ. ಅಳಿಯನ ಹೆಸರು, ಪಕ್ಕದಲ್ಲಿ ಬೇರೆ ಹೆಣ್ಣಿನ ಹೆಸರು. ಅವೆರಡಕ್ಕೂ ಸೇರಿಸಿ ನನ್ನ ಬಾಯೇ ಬೇಡಿಕೊಂಡಿತ್ತು. ಮನಸ್ಸು ಬೇಡ ಅನ್ನಲು ಸಮಯವೇ ಸಿಕ್ಕಿರಲಿಲ್ಲ. ಮೂರು ವರ್ಷ ದೇವರು ಸುಮ್ಮನಿದ್ದಾನೆ ಅಂದುಕೊಂಡಿದ್ದೆ. ದಿನಕ್ಕೆ ಐದು ಸಲ, ಹತ್ತು ಸಲ, ಈ ಒಂದು ಮಾತನ್ನು ನನ್ನಿಂದ ತಪ್ಪದೆ ಹೇಳಿಸುತ್ತಿದ್ದವನು ಮತ್ತೆ ಯಾರು? ನನಗೆ ಅಷ್ಟೇ ಅನ್ನಿಸಿದ್ದು. ಹೆಚ್ಚು ತಿಳಿದವರು ಬೇರೆ ಹೇಳಿಯಾರು.

ಈ ಸಲ ಮಾಲೀಕ ಚೀಟಿ ಹಿಡಿದು ಅಕ್ಷರ ಅಕ್ಷರ ಓದಿದ. ಗಂಡ ಹೆಂಡತಿ ಕೇಕು ಎತ್ತಿಕೊಂಡು ಹೋದರು. ಮೆಟ್ಟಿಲಿಳಿಯುತ್ತ ಅವಳು, "ಆ ಟೀಚರ್ ನೋಡೋಕೆ ಹೇಗಿದ್ರು?" ಅಂತ ಕೇಳುತ್ತಿದ್ದಳು.

ಊಟದ ಹೊತ್ತಿಗೆ ಮೇಲೆ ಹೋಗಲಿಲ್ಲ. ಕೇಕಿನ ಡಬ್ಬಕ್ಕೆ ಹಾಸುವ ಬಿಳಿ ಕಾಗದದಲ್ಲಿ ಒಂದು ಹಾಳೆ ಹರಿದುಕೊಂಡು ಅದೇ ಮೇಜಿಗೆ ಕೂತೆ. ಮಗಳೇ ಎನ್ನಲಿಲ್ಲ, ಮೇಡಂ ಎನ್ನಲಿಲ್ಲ. ಔಷಧಿ ಅಂಗಡಿಯವಳ ಹೆಸರನ್ನೇ ಬರೆದೆ, ಕೆಳಗೆ ಹೀಗೆ ಬರೆದೆ:

"ನಿನ್ನ ಪತ್ರಕ್ಕೆ ಉತ್ತರ ಬರೆಯಲು ತಡ ಮಾಡಿದೆ. ತಪ್ಪು ಅವನದಲ್ಲ, ನನ್ನದು. ಹೂಂ. ಅವನನ್ನು ಇನ್ನೊಮ್ಮೆ ಕೇಳು, ಅತ್ತೆ ಒಪ್ಪಿದ್ದಾಳೆ ಅನ್ನು. ನನಗೆ ನೋವಾಗುತ್ತದೆ ಅಂತ ಅವನು ಹೇಳಿದ್ದು ನಿಜವೇ, ಆಗುತ್ತದೆ, ಅದಕ್ಕಾಗಿ ನೀವು ನಿಲ್ಲಬೇಡಿ. ನಿಮ್ಮ ಜೊತೆ ಇರಬೇಕು ಅಂದಿದ್ದೀಯ. ಅದಕ್ಕೆ ಈಗಲೇ ಮಾತು ಕೊಡಲಾರೆ. ನಾನೆಲ್ಲಿರಬೇಕೋ ನನಗಿನ್ನೂ ಗೊತ್ತಿಲ್ಲ. ನನ್ನ ಮಗಳ ವಿಷಯ ನಿನ್ನೆದುರು ಮಾತಾಡಿದರೆ ಬೇಸರಪಡಬೇಡ, ಅಷ್ಟು ಸಾಕು. ಅಣ್ಣನ ಮನೆಗೆ ಹೋಗಬೇಡ."

ಮಾಲೀಕನ ಹತ್ತಿರ ಲಕೋಟೆ ಕೇಳಿದೆ. ಡ್ರಾಯರಿನಲ್ಲಿ ಹುಡುಕುತ್ತ, "ಯಾರಿಗಜ್ಜಿ, ಪ್ರೇಮಪತ್ರಾನಾ?" ಅಂದ.

"ನನ್ನ ಅಳಿಯನ ಮದುವೆ ವಿಷಯ."

ಅವನು ನನ್ನ ಮುಖ ನೋಡಿದ, ಮೇಲೆ ಮನೆಯ ಕಡೆ ನೋಡಿದ. ನಗಲಿಲ್ಲ. ಅಂಚೆ ಚೀಟಿಯನ್ನು ತಾನೇ ಹಚ್ಚಿಕೊಟ್ಟ. "ನಾನು ಹಾಕಿ ಬರಲಾ? ಬಿಸಿಲಿದೆ."

"ಬೇಡ. ನಿಮ್ಮ ಕೈಗೆ ಕೊಟ್ರೆ ಅರ್ಧ ದಾರೀಲಿ ವಾಪಸ್ ಕೇಳ್ತೀನಿ."

ಅಂಚೆ ಡಬ್ಬ ಬೀದಿಯ ತಿರುವಿನಲ್ಲಿ, ಚಪ್ಪಲಿ ಹೊಲಿಯುವವನ ಪಕ್ಕದಲ್ಲಿದೆ. ಅಷ್ಟು ದೂರಕ್ಕೆ ಎರಡು ಸಲ ನಿಂತೆ. ಒಂದು ಸಲ ಉಸಿರಿಗೆ, ಇನ್ನೊಂದು ಸಲ ಸುಮ್ಮನೆ. ಡಬ್ಬದ ಬಾಯಿಗೆ ಲಕೋಟೆ ಇಟ್ಟೆ. ಅರ್ಧ ಒಳಗೆ ಹೋಗಿ ನಿಂತಿತು, ಹಿಡಿದದ್ದು ನನ್ನದೇ ಬೆರಳು.

"ತಳ್ಳಿ ಅಮ್ಮಾ, ಅದು ಸ್ವಲ್ಪ ಬಿಗಿ" ಅಂದ ಚಪ್ಪಲಿ ಹೊಲಿಯುವವನು, ತಲೆ ಎತ್ತದೆ.

ತಳ್ಳಿದೆ. ಒಳಗೆ ಬಿದ್ದ ಸದ್ದು ಕೇಳಿಸಿತು.